ಹೈದರಾಲಿಯ ಮರಣಾನಂತರದ ಮೈಸೂರು ರಾಜ್ಯ ಮತ್ತು ಪರಶಕ್ತಿಗಳು

ಬಹುಕಾಲ ಆಳಿದವನೊಬ್ಬನು ಗತಿಸಿದಾಗ ರಾಜ್ಯದ ಮುಂದಿನ ಗತಿಯನ್ನು ನಿರ್ಣಯಿಸುವವರು ಯಾರು? ಮೈಸೂರಿನ ಇತಿಹಾಸದಲ್ಲಿ ಹದಿನೇಳು ವರ್ಷಗಳ ಅಂತರದಲ್ಲಿ ಎರಡು ಬಾರಿ ಎದ್ದ ಈ ಪ್ರಶ್ನೆಗೆ ಎರಡು ಬೇರೆಬೇರೆ ಉತ್ತರಗಳು ದೊರೆತವು. 1799ರ ಉತ್ತರವನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. 1782ರದನ್ನು ನಮ್ಮ ಪಠ್ಯಗಳು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ನಮ್ಮ ಉದ್ದೇಶ.

ಹೈದರನ ಏಳಿಗೆಯ ಮೊದಲ ನೆಲೆಗಳು ಬೆಂಗಳೂರಿನ ಸುತ್ತಲಿನ ಕೋಟೆಗಳೇ. ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿಖಾನನು, ಸತ್ತ ತಂದೆಯ ಸಾಲದ ನೆಪದಿಂದ, ಬಾಲಕನಾದ ಹೈದರನನ್ನೂ ಅವನ ಅಣ್ಣನನ್ನೂ ನಗಾರಿಯೊಳಗೆ ಕೂಡಿಸಿ ಹಿಂಸಿಸಿದನೆಂಬುದು ಪ್ರಸಿದ್ಧವಾದ ಕಥೆ. 1749ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ ಅವನು ನಂಜರಾಜಯ್ಯನ ಕಣ್ಣಿಗೆ ಬಿದ್ದನು. ಟಿಪ್ಪು ಹುಟ್ಟಿದ ಊರೂ ಅದೇ. 1761ರಲ್ಲಿ ನಿಜಾಮನ ಸೋದರ ಬಸಾಲತ್ ಜಂಗನು ಹೊಸಕೋಟೆಗೆ ಮುತ್ತಿಗೆ ಹಾಕಿದ್ದಾಗ, ಹೈದರನು ಮೂರು ಲಕ್ಷ ರೂಪಾಯಿಗಳ ಕಾಣಿಕೆಗೆ ಒಪ್ಪಿ ಸಿರಾದ ನವಾಬಗಿರಿಯನ್ನು ಪಡೆದನು. ಆ ಸಿರಾ ಇನ್ನೂ ಮರಾಠರ ವಶದಲ್ಲಿದ್ದಿತು! ತನ್ನದಲ್ಲದುದನ್ನು ಒಬ್ಬನು ಮಾರಿದನು, ಇನ್ನೊಬ್ಬನು ಕೊಂಡನು. ಹೊರಗಿನವರ ಮುದ್ರೆಗೆ ಎಷ್ಟು ಬೆಲೆಯೆಂಬುದನ್ನು ಹೈದರನು ಅಂದೇ ಅರಿತಿದ್ದನೆಂದು ನಾವು ಊಹಿಸಬಹುದು. ಅದೇ ವರ್ಷ ದೊಡ್ಡಬಳ್ಳಾಪುರವೂ ಅವನ ವಶವಾಯಿತು. ಅಬ್ಬಾಸ್ ಕುಲಿಖಾನನು ಮದರಾಸಿಗೆ ಓಡಿಹೋದನು.

1782ರ ಡಿಸೆಂಬರ್ 7ರಂದು, ಆಂಗ್ಲರೊಡನೆ ಯುದ್ಧ ನಡೆದಿರುವಾಗಲೇ, ಚಿತ್ತೂರಿನ ಸಮೀಪದ ಬಿಡಾರದಲ್ಲಿ ಹೈದರನು ಬೆನ್ನುಹುಣ್ಣಿನಿಂದ ಮೃತನಾದನು. ಟಿಪ್ಪುವಾದರೋ ಮಲಬಾರಿನಲ್ಲಿದ್ದನು. ಪೂರ್ಣಯ್ಯ ಮತ್ತು ಕೃಷ್ಣರಾಯರು ಸಾವಿನ ಸುದ್ದಿಯನ್ನು ಮುಚ್ಚಿಟ್ಟರು. ಶವವನ್ನು ಬೆಲೆಬಾಳುವ ಸರಕೆಂಬಂತೆ ಪೆಟ್ಟಿಗೆಯಲ್ಲಿಟ್ಟು ಕೋಲಾರಕ್ಕೆ ಸಾಗಿಸಿದರು. ಬಿಡಾರದ ನಿತ್ಯದ ಕೆಲಸಗಳು ಎಂದಿನಂತೆಯೇ ನಡೆದವು. ವರ್ಷ ತಿರುಗುವ ವೇಳೆಗೆ ಟಿಪ್ಪು ಬಂದು ಸೈನ್ಯವನ್ನು ಸೇರಿಕೊಂಡನು.

ಈ ನಡುವಣ ಮೂರುನಾಲ್ಕು ವಾರಗಳು ಅತ್ಯಂತ ವಿಷಮವಾದವು. ಹೈದರನ ಬಂಧುವಾದ ಮಹಮ್ಮದ್ ಅಮೀನನು ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಹೆಸರಿಗೆ ಮುಂದಿಟ್ಟು ಅಧಿಕಾರವನ್ನು ಹಿಡಿಯಲು ಹವಣಿಸಿದನು. ಸಂಚಿನ ಸುಳಿವು ಸಿಕ್ಕಿ ಅದರ ನಾಯಕರು ಸೆರೆಯಾದರು. ಅತ್ತ ಮದರಾಸಿನ ಗವರ್ನರ್ ಮೆಕಾರ್ಟ್ನಿಯು ಒಡನೆ ದಂಡೆತ್ತಿ ಹೋಗಬೇಕೆಂದು ಒತ್ತಾಯಪಡಿಸಿದರೂ ಸೇನಾಪತಿ ಸ್ಟೂವರ್ಟನು ಕದಲಲಿಲ್ಲ. ಇದನ್ನು ಟಿಪ್ಪುವಿನ ಅದೃಷ್ಟವೆಂದು ಹೇಳುವುದು ವಾಡಿಕೆ. ನಮಗೆ ಈ ಅಭಿಪ್ರಾಯವು ಅಪೂರ್ಣವೆಂದು ತೋರುತ್ತದೆ. ಸ್ಟೂವರ್ಟನು ಒಡನೆ ಹೊರಟು ಬಂದಿದ್ದರೂ ಅವನಿಗೆ ಎದುರಾಗುತ್ತಿದ್ದುದು ಒಡೆದ ಪಾಳೆಯವಲ್ಲ; ಭಂಡಾರವೂ ದಂಡೂ ಮಂತ್ರಿಗಳ ಹತೋಟಿಯಲ್ಲಿಯೇ ಇದ್ದುವು.

ಪರಶಕ್ತಿಗಳಿಗೆ ಬಾಗಿಲು ತೆರೆದುಕೊಟ್ಟವರಲ್ಲಿ ಒಳಗಿನವರೂ ಇದ್ದರೆಂಬುದನ್ನು ಮರೆಯಲಾಗದು. ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ತಿರುಮಲರಾಯನು, ಹೈದರನು ಇನ್ನೂ ಬದುಕಿದ್ದಾಗಲೇ, 1782ರ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ಸಲಿವನ್ನನೊಡನೆ ಕೌಲು ಮಾಡಿಕೊಂಡಿದ್ದನು: ಕಂಪನಿಯು ಒಡೆಯರ ವಂಶವನ್ನು ಸಿಂಹಾಸನಕ್ಕೆ ತರಬೇಕು, ಗೆಲವು ಮುಂದುವರಿದಂತೆ ರಾಣಿಯು ಹಣ ಸಲ್ಲಿಸಬೇಕು. ರಾಣಿಯ ದೃಷ್ಟಿಯಲ್ಲಿ ಹೈದರನೇ ಅಪಹಾರಿ. ಕಂಪನಿಯು ಕೇವಲ ಸಾಧನ. ಈ ನಿಲುವನ್ನು ದ್ರೋಹವೆಂದು ತಳ್ಳಿಹಾಕುವುದು ಚರಿತ್ರಕಾರನಿಗೆ ಸುಲಭ, ಆದರೆ ನ್ಯಾಯವಲ್ಲ. 1783ರ ಜನವರಿಯಲ್ಲಿ ಬಿದನೂರಿನ ಅಧಿಕಾರಿ ಅಯಾಜನು ಆ ಕೋಟೆಯನ್ನು ಜನರಲ್ ಮ್ಯಾಥ್ಯೂಸನಿಗೆ ಒಪ್ಪಿಸಿದನು. ಟಿಪ್ಪು ಅದೇ ಬೇಸಗೆಯಲ್ಲಿ ಅದನ್ನು ಮರಳಿ ಪಡೆದನು. ಜುಲೈಯಲ್ಲಿ ಅಂಚೆ ಶಾಮಯ್ಯ ಮೊದಲಾದವರು ಶ್ರೀರಂಗಪಟ್ಟಣದಲ್ಲಿಯೇ ಹೂಡಿದ ಸಂಚೂ ವಿಫಲವಾಯಿತು.

ಮಿತ್ರರೆನಿಸಿದ ಫ್ರೆಂಚರಿಂದಲೂ ವಿಶೇಷ ಪ್ರಯೋಜನವಾಗಲಿಲ್ಲ. ಬುಸ್ಸಿಯು 1783ರ ಮಾರ್ಚಿಯಲ್ಲಿ ಬಂದಿಳಿದನು. ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಮುಟ್ಟಿದೊಡನೆ ಫ್ರೆಂಚರು ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವನ್ನು ಒಂಟಿಯಾಗಿ ಬಿಟ್ಟು ಹಿಂದೆಗೆದರು. 1784ರ ಮಾರ್ಚ್ 11ರ ಮಂಗಳೂರಿನ ಕೌಲಿಗೆ ಟಿಪ್ಪುವಿನ ಮುದ್ರೆಯೇ ಬಿದ್ದಿತು.

1799ರಲ್ಲಿ ಸನ್ನಿವೇಶವೇ ಬೇರೆ. 1791ರಲ್ಲಿಯೇ ಕಾರ್ನ್‌ವಾಲಿಸನಿಗೆ ಬೆಂಗಳೂರೂ ದೇವನಹಳ್ಳಿಯೂ ವಶವಾಗಿದ್ದುವು; ಮರುವರ್ಷ ಅರ್ಧ ರಾಜ್ಯ, ಅದರೊಡನೆ ಅದರ ಆದಾಯವೂ ಹೋಗಿದ್ದಿತು. ಮೇ 4ರಂದು ದೊರೆಯೊಡನೆ ರಾಜಧಾನಿಯೂ ಬಿದ್ದಿತು. ಸುದ್ದಿಯನ್ನು ಮುಚ್ಚಿಡಲು ಪಾಳೆಯವೇ ಉಳಿದಿರಲಿಲ್ಲ. ಪೂರ್ಣಯ್ಯನು ಟಿಪ್ಪುವಿನ ಮಗ ಫತ್ತೇ ಹೈದರನ ಹೆಸರನ್ನು ಸೂಚಿಸಿದನೆಂದು ತಿಳಿದುಬರುತ್ತದೆ. ವೆಲ್ಲೆಸ್ಲಿಯು ಅದನ್ನು ಒಪ್ಪಲಿಲ್ಲ. ಜೂನ್ 22ರಂದು ಕಂಪನಿಯೂ ನಿಜಾಮನೂ ರಾಜ್ಯವನ್ನು ಹಂಚಿಕೊಂಡ ಮೇಲೆ, 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ರಾಣಿಯವರ ಬಯಕೆ ಕೈಗೂಡಿತು. ಆದರೆ ಜುಲೈ 8ರ ಕೌಲಿನಂತೆ ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಸಲ್ಲಿಸಬೇಕಾಗಿದ್ದಿತು. ಬೇಕೆನಿಸಿದಾಗ ಆಡಳಿತವನ್ನೇ ವಹಿಸಿಕೊಳ್ಳುವ ಅಧಿಕಾರವನ್ನೂ ಕಂಪನಿಯು ಅದರಲ್ಲಿ ಉಳಿಸಿಕೊಂಡಿತು. 1831ರಲ್ಲಿ ಆ ಅಧಿಕಾರವನ್ನೇ ಚಲಾಯಿಸಿತು. ಚಿತ್ತೂರಿನ ಬಿಡಾರದಲ್ಲಿ ದೊರೆಯ ಸಾವನ್ನು ಮುಚ್ಚಿಟ್ಟಿದ್ದ ಪೂರ್ಣಯ್ಯನು ಹೊಸ ವ್ಯವಸ್ಥೆಯಲ್ಲಿ 1811ರವರೆಗೆ ದಿವಾನನಾಗಿದ್ದು, ಕಂಪನಿಗೆ ಸಲ್ಲಬೇಕಾದ ಹಣವನ್ನು ಸಲ್ಲಿಸುತ್ತ ಬಂದನು.