ಲೆಕ್ಕ ಬರೆದ ಕೈ

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ಚಿಕ್ಕಂದಿನಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡರು. ಆ ಸಂಕಟವೇ 1970ರಲ್ಲಿ ‘ಗೃಹಭಂಗ’ ಕಾದಂಬರಿಯಾಯಿತು. 1996ರಲ್ಲಿ ‘ಭಿತ್ತಿ’ಯಲ್ಲಿ ಅದನ್ನೇ ಆತ್ಮಕಥೆಯಾಗಿ ಹೇಳಿಕೊಂಡರು. ಮುಂದೆ ಗಿರೀಶ ಕಾಸರವಳ್ಳಿಯವರು ಕಾದಂಬರಿಯನ್ನು ಕಿರುತೆರೆಗೆ ತಂದರು.

ಆತ್ಮಕಥೆಯೆಂದರೆ ಬದುಕಿ ಉಳಿದವರ ಕಥೆ. ಹುಡುಗ ಉಳಿದ, ಓದಿದ, ಬರೆದ. ಹೋದ ತಾಯಿ ತನ್ನ ಕಥೆಯನ್ನು ಬರೆಯುವುದೆಂತು? ಹಾಗೆಂದು ಕಾದಂಬರಿಯ ನಂಜಮ್ಮ ಅಕ್ಷರ ಬಾರದವಳಲ್ಲ. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನೆಲ್ಲ ಬರೆದವಳು ಅವಳೇ. ಹೆಸರು ಮಾತ್ರ ಗಂಡನದು. ಮುತ್ತುಗದ ಎಲೆ ಹಚ್ಚಿ ಮಕ್ಕಳ ಹೊಟ್ಟೆ ಹೊರೆದಳು. ಬೆಳೆದ ಮಗಳನ್ನೂ ಮಗನನ್ನೂ ಪ್ಲೇಗಿಗೆ ಕೊಟ್ಟು ಕೊನೆಗೆ ತಾನೂ ಹೋದಳು.

ಪುಸ್ತಕದಲ್ಲಿ ಎಲೆ ಹಚ್ಚುವುದು ಒಂದು ಸಾಲಿಗೆ ಮುಗಿದೀತು. ತೆರೆಯಲ್ಲಿ ಹಾಗಲ್ಲ, ಹಚ್ಚುವ ಕೈ ಕಾಣಲೇಬೇಕು. ಲೆಕ್ಕದ ಪುಸ್ತಕದ ಮುಂದೆ ಕೂತವಳು ಹೆಂಗಸೆಂದು ಓದು ಬಾರದವರಿಗೂ ತಿಳಿಯುತ್ತದೆ.

ಮಗ ಬೆಳೆದ ಕಥೆಯಲ್ಲಿ ತಾಯಿಯನ್ನು ನಡುಮನೆಯಲ್ಲಿ ಕೂರಿಸಿದ್ದು ಭೈರಪ್ಪನವರ ದೊಡ್ಡತನ. ಕೊನೆಯಲ್ಲಿ ಪುಟ್ಟ ವಿಶ್ವ, ಮಹಾದೇವಯ್ಯನವರ ಜೊತೆ ಊರು ಬಿಟ್ಟು ನಡೆಯುತ್ತಾನೆ. ಅವನು ದೊಡ್ಡವನಾಗುವುದು ಅಲ್ಲಿಂದ.

2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ನಾಡೆಲ್ಲ ಅವರ ಬರವಣಿಗೆಯನ್ನು ನೆನೆಯಿತು. ನಮ್ಮ ಹಾಸನದ ಕಡೆಯ ಎಷ್ಟು ಮನೆಗಳ ಲೆಕ್ಕ ಯಾವ ತಾಯಂದಿರ ಕೈಬರಹದಲ್ಲಿದೆಯೋ! ಅಟ್ಟದ ಮೇಲಿನ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕುವ ಮುಂಚೆ ಒಮ್ಮೆ ಬಿಡಿಸಿ ನೋಡಿ, ತಾಯಂದಿರೇ.