ಲೂಪಸ್ ಮತ್ತು ಮಂಕು: ಅರಿವಿನ ತೊಡಕನ್ನು ಅಳೆಯುವ ಪ್ರಶ್ನೆ

ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಲೂಪಸ್‌ನ ರೋಗಿಗಳು ‘ತಲೆಗೆ ಮಂಕು ಕವಿದ ಹಾಗಿದೆ, ಮಾತು ನಾಲಗೆ ತುದಿಗೆ ಬಂದು ನಿಂತುಬಿಡುತ್ತದೆ’ ಎಂದಾಗ ಕೇಳಿದವರು ಅದನ್ನು ಆಯಾಸಕ್ಕೋ ಚಿಂತೆಗೋ ಕಟ್ಟಿ ಸುಮ್ಮನಾಗುವುದೇ ಹೆಚ್ಚು. ಕೆನ್ನೆಯ ಕೆಂಪು ಕಣ್ಣಿಗೆ ಬೀಳುತ್ತದೆ, ಮೂತ್ರದ ಪ್ರೋಟೀನು ಪ್ರಯೋಗಾಲಯದಲ್ಲಿ ಸಿಗುತ್ತದೆ. ಮಂಕಿಗೆ ಅಂಥ ಸಾಕ್ಷಿಯಿಲ್ಲ. ಆದರೂ ಅದು ರೋಗದ್ದೇ ಒಂದು ಮುಖವಾಗಿರಬಹುದು. ರೋಗಿಯ ನುಡಿಯಲ್ಲೇ, ಮತ್ತೆ ಮತ್ತೆ ಅದನ್ನು ಅಳೆಯಬೇಕು ಎಂಬುದು ನನ್ನ ವಾದ.

ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 1999ರಲ್ಲಿ ಲೂಪಸ್‌ನ ನರ-ಮಾನಸಿಕ ತೊಂದರೆಗಳನ್ನು 19 ಬಗೆಯಾಗಿ ವಿಂಗಡಿಸಿತು. ಅರಿವಿನ ತೊಡಕು ಅವುಗಳಲ್ಲೊಂದು. ಅದಕ್ಕೊಂದು ಜೈವಿಕ ಕಾರಣ ತೋರಿದ್ದು ಪ್ರತಿರಕ್ಷಾ ವಿಜ್ಞಾನಿ ಬೆಟ್ಟಿ ಡೈಮಂಡ್ ಅವರ ತಂಡ. ಲೂಪಸ್‌ನಲ್ಲಿ ಡಿಎನ್‌ಎ ವಿರುದ್ಧ ಹುಟ್ಟುವ ಕೆಲವು ಪ್ರತಿಕಾಯಗಳು ಮಿದುಳಿನ ಎನ್‌ಎಂಡಿಎ ಗ್ರಾಹಕಗಳಿಗೂ ಅಂಟಿಕೊಳ್ಳುತ್ತವೆ ಎಂದು ಅವರು 2001ರಲ್ಲಿ ಪ್ರಕಟಿಸಿದರು. ಮುಂದಿನ ಇಲಿ ಪ್ರಯೋಗಗಳು ಇನ್ನೂ ಕುತೂಹಲಕರ. ಪ್ರತಿಕಾಯ ರಕ್ತದಲ್ಲಷ್ಟೇ ಇದ್ದಾಗ ಮಿದುಳಿಗೆ ಏನೂ ಆಗಲಿಲ್ಲ. ಬ್ಯಾಕ್ಟೀರಿಯಾದ ವಿಷಾಂಶ ಕೊಟ್ಟು ರಕ್ತ-ಮಿದುಳಿನ ತಡೆಯನ್ನು ಸಡಿಲಿಸಿದಾಗ ನೆನಪಿನ ನೆಲೆಯಾದ ಹಿಪೊಕ್ಯಾಂಪಸ್‌ನ ನರಕೋಶಗಳು ಸತ್ತವು. ಅಡ್ರಿನಲಿನ್ ಕೊಟ್ಟಾಗ ಪೆಟ್ಟು ಬಿದ್ದದ್ದು ಭಯವನ್ನು ನಿರ್ವಹಿಸುವ ಅಮಿಗ್ಡಲಕ್ಕೆ. ಅಂದರೆ ಪ್ರತಿಕಾಯ ಒಂದೇ ಆದರೂ, ಬಾಗಿಲು ತೆರೆದದ್ದು ಯಾವುದು ಎಂಬುದರ ಮೇಲೆ ಹಾನಿಯ ಜಾಗ ಬದಲಾಯಿತು.

ಇಲಿಗೆ ಹೊಂದಿದ್ದನ್ನು ಮನುಷ್ಯರಿಗೆ ಹಾಗೇ ಹೊಂದಿಸಲಾಗದು. ರಕ್ತದ ಪ್ರತಿಕಾಯದ ಮಟ್ಟಕ್ಕೂ ರೋಗಿಗಳ ಪರೀಕ್ಷಾ ಅಂಕಗಳಿಗೂ ಎಲ್ಲ ಅಧ್ಯಯನಗಳಲ್ಲಿ ತಾಳೆಯಾಗಿಲ್ಲ. ಫಾಸ್ಫೋಲಿಪಿಡ್ ವಿರೋಧಿ ಪ್ರತಿಕಾಯಗಳಿಂದಾಗುವ ಹೆಪ್ಪುಗಟ್ಟುವಿಕೆ, ಸ್ಟೀರಾಯ್ಡ್, ಖಿನ್ನತೆ, ಕೆಟ್ಟ ನಿದ್ದೆ ಇವೂ ಗಮನವನ್ನು ಕದಡುತ್ತವೆ. ಕಾರಣಗಳು ಹೆಣೆದುಕೊಂಡಿವೆ ಎಂಬುದು ಅಳೆಯದಿರಲು ನೆಪವಾಗಬಾರದು.

ಅಳತೆಗೋಲು ಯಾವುದು? ಅರಿವನ್ನು ಚುಟುಕಾಗಿ ಅಳೆಯುವ ಮೋಕಾ ಪರೀಕ್ಷೆಯಲ್ಲಿ 30ಕ್ಕೆ 26 ಅಥವಾ ಹೆಚ್ಚು ಬಂದರೆ ಸಹಜವೆನ್ನುವ ರೂಢಿಯಿದೆ. ತಿಂಗಳ ಲೆಕ್ಕವನ್ನೆಲ್ಲ ಬಾಯಲ್ಲೇ ಒಪ್ಪಿಸುತ್ತಿದ್ದ ಬ್ಯಾಂಕ್ ನೌಕರರೊಬ್ಬರು ಈಗ ಒಂದೇ ಸಾಲನ್ನು ಮೂರು ಸಲ ಕೂಡುತ್ತಿದ್ದರೂ 27 ತೆಗೆದುಬಿಡಬಹುದು. ಲೂಪಸ್‌ನಲ್ಲಿ ಹೆಚ್ಚಾಗಿ ಸೊರಗುವುದು ಗಮನ, ವೇಗ, ಪದ ಹೆಕ್ಕುವ ಸರಾಗತೆ. ಅದಕ್ಕೆ ಗಡಿಯಾರ ಹಿಡಿದು ಮಾಡುವ ಪರೀಕ್ಷೆ ಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನ 2004ರ ನರಮನೋವೈಜ್ಞಾನಿಕ ಪರೀಕ್ಷಾಮಾಲೆ ಇಲ್ಲಿ ನೆರವಿಗೆ ಬರುತ್ತದೆ. ಅದರ ಪದ-ಸರಾಗತೆಯ ಪರೀಕ್ಷೆಯಲ್ಲಿ ಇಂಗ್ಲಿಷ್ ಬಾರದವರಿಗೆ ‘ಕ’, ‘ಪ’, ‘ಮ’ ಅಕ್ಷರಗಳಿವೆ. ಒಂದೊಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷದ ಕಾಲ ಹೇಳುತ್ತ ಹೋಗಬೇಕು. ಊರು, ಹೆಸರು ಹೇಳುವಂತಿಲ್ಲ. ಕಲ್ಲು, ಕಣ್ಣು, ಕತ್ತಿ, ಕಪ್ಪೆ... ಮೊದಲ ಕಾಲು ನಿಮಿಷದಲ್ಲಿ ಸರಸರನೆ ಬಂದ ಪದಗಳು ಆಮೇಲೆ ನಿಂತು, ಮತ್ತೆ ‘ಕಲ್ಲು’ ಎಂದೇ ಹೊರಟರೆ, ಪದಭಂಡಾರ ಬರಿದಾಗಿದೆ ಎಂದಲ್ಲ. ಹುಡುಕುವ ಕೈ ನಿಧಾನವಾಗಿದೆ. ವಯಸ್ಸು, ಲಿಂಗ, ಓದಿಗೆ ತಕ್ಕ ಮಾನಗಳು ಈ ಮಾಲೆಯಲ್ಲಿರುವುದು ದೊಡ್ಡ ಅನುಕೂಲ, ಏಕೆಂದರೆ ನಾಲ್ಕನೇ ತರಗತಿ ಓದಿದವರನ್ನು ಪದವೀಧರರ ಪಕ್ಕ ನಿಲ್ಲಿಸಿದರೆ ಅಲ್ಲಿ ಕಾಣುವುದು ರೋಗವಲ್ಲ, ಶಾಲೆ.

ರೋಗ ಪತ್ತೆಯಾದ ಹೊಸದರಲ್ಲೇ ಒಮ್ಮೆ ಪರೀಕ್ಷಿಸಿ, ಅಂದಿನ ಸ್ಟೀರಾಯ್ಡ್ ಪ್ರಮಾಣ, ನಿದ್ದೆ, ಖಿನ್ನತೆಯ ಅಂಕಗಳನ್ನೂ ಪಕ್ಕದಲ್ಲಿ ಬರೆದಿಟ್ಟರೆ, ಎರಡು ವರ್ಷದ ಬಳಿಕ ಮಂಕಿನ ದೂರು ಬಂದಾಗ ರೋಗಿಯನ್ನು ಅವರ ಹಳೆಯ ಅಂಕದೊಂದಿಗೇ ಹೋಲಿಸಬಹುದು.