ಚಂದ್ರವಳ್ಳಿಯ ಬಂಡೆ ಹೇಳುವ ಮಯೂರ

ಮಯೂರಶರ್ಮ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಂಚಿಯಲ್ಲಿ ಅವಮಾನ ಉಂಡು, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದ ತರುಣ. ದೇವುಡು ಅವರ ಕಾದಂಬರಿಯೂ ಅದನ್ನು ಆಧರಿಸಿ 1975ರಲ್ಲಿ ಬಂದ ರಾಜಕುಮಾರ್ ಚಿತ್ರವೂ ಈ ರೂಪವನ್ನು ಮನೆಮನೆಗೆ ಮುಟ್ಟಿಸಿದವು. ಆದರೆ ಅವನ ಕಾಲದಲ್ಲೇ ಅವನ ಹೆಸರು ಹೊತ್ತು ನಿಂತ ಕಲ್ಲು ಇರುವುದು ಕಂಚಿಯಲ್ಲೂ ಅಲ್ಲ, ಬನವಾಸಿಯಲ್ಲೂ ಅಲ್ಲ, ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ, ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಇರುವುದು ಮೂರೇ ಸಾಲು. ಕದಂಬರ ಮಯೂರಶರ್ಮನು ಕೆರೆ ಕಟ್ಟಿಸಿದ ಎಂಬುದೇ ಅದರ ತಿರುಳು. ಮಯೂರನನ್ನು ಅರಿಯಲು ಹೊರಟವರು ಈ ಕೆರೆಯಿಂದಲೇ ಶುರುಮಾಡಬೇಕು. ಖಡ್ಗದ ಕಥೆ ಆಮೇಲೆ ಬರಲಿ.

ಹೀಗೆನ್ನಲು ಕಾರಣ, ದಾಖಲೆಗಳು ಹುಟ್ಟಿದ ಕ್ರಮ. ಚಂದ್ರವಳ್ಳಿಯ ಬರಹವನ್ನು ವಿದ್ವಾಂಸರಲ್ಲಿ ಹೆಚ್ಚಿನವರು ನಾಲ್ಕನೆಯ ಶತಮಾನದ ನಡುಭಾಗಕ್ಕೆ ಸೇರಿಸುತ್ತಾರೆ. ಕಂಚಿಗೆ ಅಜ್ಜ ವೀರಶರ್ಮನೊಡನೆ ವ್ಯಾಸಂಗಕ್ಕೆ ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ಕಾಡು ಸೇರಿ ದಂಡು ಕಟ್ಟಿದ್ದು, ಇವೆಲ್ಲ ನಮಗೆ ಗೊತ್ತಾಗುವುದು ತಾಳಗುಂದದ ಕಂಬದಿಂದ. ಅದು ಸುಮಾರು 450ರ ಹೊತ್ತಿನದು, ಮಯೂರನ ವಂಶಜ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ರಚಿಸಿದ ಪ್ರಶಸ್ತಿ. ಅಂದರೆ ನೂರು ವರ್ಷದ ಅಂತರ, ಜೊತೆಗೆ ಕುಲದ ಮೂಲಪುರುಷನನ್ನು ಹೊಗಳುವ ಹೊಣೆ. ಮುಂದಿನ ಶತಮಾನಗಳ ಬರಹಗಳಲ್ಲಿ ಅವನು ಹದಿನೆಂಟು ಅಶ್ವಮೇಧ ಮಾಡಿದವನಾಗುತ್ತಾನೆ, ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದವನಾಗುತ್ತಾನೆ, ಶರ್ಮ ಹೋಗಿ ವರ್ಮನಾಗುತ್ತಾನೆ. ಅಶ್ವಮೇಧದ ಸುದ್ದಿ ಚಂದ್ರವಳ್ಳಿಯಲ್ಲೂ ಇಲ್ಲ, ತಾಳಗುಂದದಲ್ಲೂ ಇಲ್ಲ. ಕಾಲ ಸರಿದಂತೆ ರಾಜ ಬೆಳೆಯುವುದು ನಮ್ಮಲ್ಲಿ ಮಾತ್ರವಲ್ಲ. ಒಂಬತ್ತನೆಯ ಶತಮಾನದ ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ದೊರೆ ಆಲ್‌ಫ್ರೆಡ್ ತಲೆಮರೆಸಿಕೊಂಡಿದ್ದಾಗ ಬಡ ಹೆಂಗಸೊಬ್ಬಳ ರೊಟ್ಟಿ ಸೀದುಹೋಗಲು ಬಿಟ್ಟು ಬೈಸಿಕೊಂಡನೆಂಬುದು ಅಲ್ಲಿನ ಮಕ್ಕಳಿಗೂ ಗೊತ್ತಿರುವ ಕಥೆ. ಅವನ ಆಸ್ಥಾನದಲ್ಲೇ ಇದ್ದು ಅವನ ಚರಿತ್ರೆ ಬರೆದ ಆಸ್ಸರ್ ಅದನ್ನು ಹೇಳಿಲ್ಲ. ಅದು ಕಾಣಿಸಿಕೊಂಡದ್ದು ಆಲ್‌ಫ್ರೆಡ್ ತೀರಿಕೊಂಡ ಸುಮಾರು ನೂರು ವರ್ಷಗಳ ಮೇಲೆ.

ಇಲ್ಲೊಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಈ ಬಂಡೆಯನ್ನು 1929ರ ಸುಮಾರಿಗೆ ಬೆಳಕಿಗೆ ತಂದ ಎಂ.ಎಚ್. ಕೃಷ್ಣ ಅವರ ಓದಿನಂತೆ ಕೆರೆಯ ಜೊತೆಗೆ ತ್ರೈಕೂಟಕ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಪುನ್ನಾಟ, ಮೌಖರಿಗಳನ್ನು ಗೆದ್ದ ಪಟ್ಟಿಯೂ ಅಲ್ಲಿದೆ. ಆಗತಾನೆ ತಲೆಯೆತ್ತಿದ ಅರಸನೊಬ್ಬ ಉತ್ತರದ ಪಾರಿಯಾತ್ರದವರೆಗೆ ದಂಡೆತ್ತಿ ಹೋದನೆಂದರೆ ನಂಬುವುದು ಕಷ್ಟ. ಪಟ್ಟಿ ಬರಿಯ ಬಡಾಯಿಯಾದರೆ ಕೆರೆಯ ಮಾತನ್ನು ಮಾತ್ರ ನಂಬುವುದು ಹೇಗೆ? ಮೊದಲಿಗೆ, ಅಕ್ಷರಗಳು ಸವೆದಿವೆ. ಆ ಹೆಸರುಗಳ ಓದಿನ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಅದಕ್ಕಿಂತ ಮುಖ್ಯವಾದದ್ದು ಕಲ್ಲು ನಿಂತಿರುವ ಜಾಗ. ದೂರದ ಶಕಸ್ಥಾನವನ್ನು ಗೆದ್ದೆನೆಂದು ಕೆತ್ತಿಸಿದರೆ ಚಂದ್ರವಳ್ಳಿಯವರು ಹೋಗಿ ನೋಡಿ ಬರಲಾರರು. ಎದುರಿಗೆ ಇಲ್ಲದ ಕೆರೆಯನ್ನು ಕಟ್ಟಿಸಿದೆನೆಂದು ಅದೇ ಊರಿನಲ್ಲಿ ಕೆತ್ತಿಸಿದರೆ ಅದು ಆ ದಿನವೇ ನಗೆಪಾಟಲು. ಕಣ್ಣೆದುರಿನ ವಸ್ತುವಿನ ಬಗ್ಗೆ ಅದರ ಬದಿಯಲ್ಲೇ ನುಡಿದ ಸಾಕ್ಷಿಗಿರುವ ಬಲ ದಿಗ್ವಿಜಯದ ಸಾಲುಗಳಿಗೆ ಬರುವುದಿಲ್ಲ.

ಕೆರೆ ಕಟ್ಟಿಸುವುದು ಎಲ್ಲ ಅರಸರೂ ಪುಣ್ಯಕ್ಕಾಗಿ ಮಾಡುತ್ತಿದ್ದ ಕೆಲಸ, ಅದರಿಂದ ಆಳ್ವಿಕೆಯ ಬಗ್ಗೆ ಏನೂ ತಿಳಿಯದು ಎಂದೂ ಹೇಳಬಹುದು. ಮಲೆನಾಡಿನ ಬನವಾಸಿಯಲ್ಲಾದರೆ ಒಪ್ಪಬಹುದಿತ್ತು. ಚಿತ್ರದುರ್ಗ ಬಯಲುಸೀಮೆ, ಸಹ್ಯಾದ್ರಿಯ ಮಳೆ ನೆರಳಿನ ನೆಲ. ಇಲ್ಲಿ ಊರು ನಿಲ್ಲುವುದೇ ನಿಂತ ನೀರಿನ ಮೇಲೆ. ಚಂದ್ರವಳ್ಳಿ ಆಗಲೇ ಹಳೆಯ ಊರು. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆಸಿದಾಗ ಶಾತವಾಹನರ ಕಾಲದ ನೆಲೆಯೇ ತೆರೆದುಕೊಂಡಿತು; ಸೀಸದ ನಾಣ್ಯಗಳು ಸಿಕ್ಕವು, ರೋಮಿನ ಅಗಸ್ಟಸ್, ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯಗಳೂ ಈ ನೆಲದಿಂದ ಬಂದಿವೆ. ತಾಳಗುಂದದ ಕಂಬವನ್ನು ನಂಬುವುದಾದರೆ ಮಯೂರ ಶ್ರೀಪರ್ವತದವರೆಗಿನ ಕಾಡುಗಳನ್ನು ಹಿಡಿದು ಬೃಹದ್ಬಾಣರಿಂದ ಕಪ್ಪ ಪಡೆದ. ಬನವಾಸಿಗೂ ಶ್ರೀಪರ್ವತಕ್ಕೂ, ಅಂದರೆ ಇಂದಿನ ಶ್ರೀಶೈಲಕ್ಕೂ, ನಡುವೆ ಇರುವುದು ಈ ಸೀಮೆ. ಕಾಡಿನಲ್ಲಿ ಅಡಗಿ ಕಪ್ಪ ವಸೂಲಿ ಮಾಡುವವನಿಗೆ ಕೆರೆ ಬೇಕಾಗಿಲ್ಲ; ನೆಲೆನಿಂತು ಆಳುತ್ತೇನೆ ಎನ್ನುವವನಿಗೆ ಬೇಕು. ದಂಡಿನ ನಾಯಕ ಅರಸನಾದ ಗಳಿಗೆ ಈ ಬಂಡೆಯಲ್ಲಿ ದಾಖಲಾಗಿದೆ ಎಂದೇ ನನ್ನ ತೀರ್ಮಾನ.

ಇದಕ್ಕೆ ಇನ್ನೊಂದು ಆಧಾರ ತಾಳಗುಂದದಲ್ಲೇ ಇದೆ, ನಾವು ಗಮನಿಸುವುದು ಕಡಿಮೆ. ಖಡ್ಗದ ಕಥೆ ಹೇಳುವ ಆ ಕಂಬವನ್ನು ನಿಲ್ಲಿಸಿದ್ದು ಖಡ್ಗಕ್ಕಾಗಿ ಅಲ್ಲ. ಶಾತಕರ್ಣಿ ಮೊದಲಾದವರು ಪೂಜಿಸಿದ್ದ ಶಿವಾಲಯದ ಬಳಿ ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯನ್ನು ದಾಖಲಿಸಲು. ಕಂಚಿಯ ಜಗಳ ಅದರ ಪೀಠಿಕೆ ಮಾತ್ರ. ನಾವು ಪೀಠಿಕೆಯನ್ನು ಬಾಯಿಪಾಠ ಮಾಡಿ ವಿಷಯವನ್ನೇ ಮರೆತಿದ್ದೇವೆ.

ಈ ಸೀಮೆಯನ್ನು ಆಮೇಲೆ ಆಳಿದವರೂ ನೀರಿನ ಲೆಕ್ಕ ತಪ್ಪಿಸಲಾಗಲಿಲ್ಲ. ಚಿತ್ರದುರ್ಗದ ನಾಯಕರು ಏಳುಸುತ್ತಿನ ಕೋಟೆಯೊಳಗೆ ಅಕ್ಕ-ತಂಗಿಯರ ಹೊಂಡ, ಗೋಪಾಲಸ್ವಾಮಿ ಹೊಂಡಗಳಲ್ಲಿ ಮಳೆನೀರು ಹಿಡಿದರು. ಹಿರಿಯೂರಿನ ಬಳಿ ಮೈಸೂರು ಅರಸರು 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಮಾರಿಕಣಿವೆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಇಂಥ ನಾಡಿನ ಜನರಿಗಾದರೂ ಮಯೂರನ ಆ ಮೂರು ಸಾಲು ಕಂಚಿಯ ಕಥೆಯಷ್ಟೇ ಪರಿಚಿತವಾಗಬೇಕು. ಕೋಟೆ ನೋಡಲು ಬಂದವರು ಚಂದ್ರವಳ್ಳಿಗೂ ಹೋಗಿ ಆ ಬಂಡೆಯ ಮುಂದೆ ನಿಲ್ಲಲಿ; ಜಿಲ್ಲೆಯ ಶಾಲೆಗಳು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಅದರಲ್ಲಿ ಏನು ಬರೆದಿದೆ ಎಂದು ಓದಿ ಹೇಳಲಿ.